ಐತಿಹಾಸಿಕ ನಾಟಕಕ್ಕೆ ಯಾವ ಕಾಲದ ಉಡುಗೆ? ಹೊಯ್ಸಳ, ವಿಜಯನಗರ, ಮೈಸೂರು: ಒಂದು ಹೋಲಿಕೆ

ಅಕ್ಟೋಬರ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ರಾಜ್ಯೋತ್ಸವಕ್ಕೆ ನಾಟಕ ಆಡಿಸುವ ಶಾಲೆಗಳು, ಸ್ತಬ್ಧಚಿತ್ರ ಕಟ್ಟುವ ಯುವಕ ಸಂಘಗಳು, ನೃತ್ಯರೂಪಕಕ್ಕೆ ತಾಲೀಮು ನಡೆಸುವ ಮಹಿಳಾ ಮಂಡಳಿಗಳು, ಎಲ್ಲರ ಕೋರಿಕೆಯೂ ಹೆಚ್ಚುಕಡಿಮೆ ಒಂದೇ: “ಅಕ್ಕಾ, ಒಬ್ಬ ರಾಜ, ಒಬ್ಬಳು ರಾಣಿ, ಇಬ್ಬರು ಮಂತ್ರಿಗಳ ಡ್ರೆಸ್ ಬೇಕಿತ್ತು.” ಯಾವ ರಾಜ ಎಂದು ಕೇಳಿದರೆ ಆ ಕಡೆ ಕ್ಷಣಕಾಲ ಮೌನ. ಆಮೇಲೆ, “ಯಾವುದಾದರೂ ರಾಜ, ಚೆನ್ನಾಗಿ ಕಂಡರೆ ಸಾಕು” ಎಂಬ ಉತ್ತರ.

ಬಾಡಿಗೆ ಅಂಗಡಿಯಲ್ಲಿ ಆ “ಯಾವುದಾದರೂ ರಾಜ” ಸಿದ್ಧವಾಗಿಯೇ ಇರುತ್ತಾನೆ. ಕಡುಗೆಂಪು ಮಖಮಲ್ಲಿನ ಉದ್ದ ಕೋಟು, ಎದೆಯ ಮೇಲೆ ಮಿಂಚುಪಟ್ಟಿ, ರಟ್ಟಿಗೆ ಬೇಗಡೆ ಅಂಟಿಸಿದ ಕಿರೀಟ, ಮುಂದೆ ಚೂಪಾದ ಜೋಡು. ಅದೇ ಕೋಟು ಬೆಳಿಗ್ಗೆ ವಿಷ್ಣುವರ್ಧನನ ಮೈಮೇಲೆ, ಮಧ್ಯಾಹ್ನ ಕೃಷ್ಣದೇವರಾಯನ ಮೈಮೇಲೆ, ಸಂಜೆ ಕೆಂಪೇಗೌಡರ ಮೈಮೇಲೆ. ಆ ಕೋಟಿಗೂ ತನ್ನದೇ ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪಾರ್ಸಿ ನಾಟಕ ಮಂಡಳಿಗಳು ಊರೂರು ಸುತ್ತಿ ತಂದ ವೈಭವವನ್ನು ನಮ್ಮ ವೃತ್ತಿ ನಾಟಕ ಕಂಪನಿಗಳು ತಮ್ಮದಾಗಿಸಿಕೊಂಡವು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿದ್ದು ಇದೇ ಕಾಲದಲ್ಲಿ. ಕೊನೆಯ ಬೆಂಚಿನವರಿಗೂ ರಾಜ ರಾಜನಾಗಿಯೇ ಕಾಣಬೇಕಿತ್ತು, ಅದಕ್ಕೆ ಮಖಮಲ್ಲೂ ಮಿಂಚೂ ಬೇಕಾದವು. ಪೌರಾಣಿಕ ನಾಟಕಕ್ಕೆ ಆ ಉಡುಗೆ ಇಂದಿಗೂ ಒಪ್ಪುತ್ತದೆ, ನನಗೂ ಅದರ ಮೇಲೆ ಪ್ರೀತಿ ಇದೆ. ಆದರೆ ಶಾಸನದಲ್ಲಿ ಹೆಸರಿರುವ, ಇಂಥದೇ ಇಸವಿಯಲ್ಲಿ ಬದುಕಿದ್ದ ಮನುಷ್ಯನಿಗೆ ಅದನ್ನು ತೊಡಿಸಿದರೆ ಅವನ ಕಾಲವೇ ಅಳಿಸಿಹೋಗುತ್ತದೆ. ನಾಟಕ ನೋಡುವ ಮಗುವಿಗೆ ನಾನೂರು ವರ್ಷಗಳ ಅಂತರದ ಇಬ್ಬರು ಅರಸರು ಒಬ್ಬನೇ ಆಗಿಬಿಡುತ್ತಾರೆ.

ಕತೆ ಮೊದಲೇ ನಿಗದಿಯಾಗಿದ್ದರೆ ಕಾಲವೂ ನಿಗದಿಯಾದಂತೆ. ಆದರೆ ಮೆರವಣಿಗೆ, ಸ್ತಬ್ಧಚಿತ್ರ, ವಾರ್ಷಿಕೋತ್ಸವಗಳಲ್ಲಿ ಆಯ್ಕೆ ನಿಮ್ಮದೇ. ಆಗ ಹೊಯ್ಸಳರು, ವಿಜಯನಗರ, ಮೈಸೂರು ಒಡೆಯರು, ಈ ಮೂರರ ನಡುವೆಯೇ ಹೆಚ್ಚಿನವರ ಮನಸ್ಸು ಓಡಾಡುತ್ತದೆ. ಇಷ್ಟು ವರ್ಷ ಹೊಲಿದು, ಉಡಿಸಿ, ಬಿಚ್ಚಿ, ಒಗೆದು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಹೊಯ್ಸಳ: ಬಟ್ಟೆ ಕಡಿಮೆ, ಕೆಲಸ ಹೆಚ್ಚು

1117ರಲ್ಲಿ ಪ್ರತಿಷ್ಠಾಪನೆಯಾದ ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡು, ಹದಿಮೂರನೆಯ ಶತಮಾನದ ಸೋಮನಾಥಪುರ. ಇಷ್ಟು ಶಿಲ್ಪಗಳಿರುವಾಗ ಉಡುಗೆಯ ವಿವರಕ್ಕೆ ಬರವಿಲ್ಲ ಎಂದು ಅನ್ನಿಸುವುದು ಸಹಜ. ಕಷ್ಟ ಇರುವುದು ಅಲ್ಲಿಯೇ. ಆ ಕಲ್ಲು ಬಹುಪಾಲು ತೋರಿಸುವುದು ದೇವತೆಗಳನ್ನು ಮತ್ತು ಮದನಿಕೆಯರನ್ನು. ದೇವರ ತಲೆಯ ಮೇಲಿನ ಕಿರೀಟ ದೇವರದು, ಅದನ್ನು ತೆಗೆದು ಅರಸನ ತಲೆಗೆ ಇಡುವಂತಿಲ್ಲ. ಅರಸನ ಉಡುಗೆ ಬೇಕೆಂದರೆ ಬೇಲೂರಿನ ಮೂಡಣ ಬಾಗಿಲಿನ ಪಕ್ಕದ ಜಾಲಂಧ್ರದಲ್ಲಿ, ಅಂದರೆ ಕಲ್ಲಿನ ಜಾಲರಿ ಕಿಟಕಿಯಲ್ಲಿ, ಇರುವ ರಾಜಸಭೆಯ ಫಲಕವನ್ನು ನೋಡಿ. ಸೈನಿಕರ, ಸಾಮಾನ್ಯರ ಉಡುಗೆಗೆ ಊರ ಹೊರಗಿನ ವೀರಗಲ್ಲುಗಳು, ಮಾಸ್ತಿಕಲ್ಲುಗಳು ದೇವಾಲಯಕ್ಕಿಂತ ನಂಬಿಕಸ್ಥ. ವೀರಗಲ್ಲಿನ ಯೋಧ ಮೊಣಕಾಲಿನ ಮೇಲೆ ಬಿಗಿದ ಕಚ್ಚೆಯಲ್ಲಿ, ಬರಿ ಮೈಯಲ್ಲಿ, ಕೂದಲನ್ನು ಗಂಟು ಕಟ್ಟಿ ನಿಂತಿರುತ್ತಾನೆ. ಮಖಮಲ್ಲಿನ ಸುಳಿವೇ ಇಲ್ಲ.

ಇನ್ನೊಂದು ಕೊರತೆ ಬಣ್ಣದ್ದು. ಕಲ್ಲು ಬಣ್ಣ ಹೇಳುವುದಿಲ್ಲ. ಇದಕ್ಕೆ ನೆರವಾಗುವುದು ವಿಷ್ಣುವರ್ಧನನ ಸಮಕಾಲೀನ, ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ. ಅರಸ ಉಡುವ ಬಟ್ಟೆಗೂ ತೊಡುವ ಒಡವೆಗೂ ಅದರಲ್ಲಿ ಬೇರೆ ಬೇರೆ ಪ್ರಕರಣಗಳೇ ಇವೆ. ಋತುವಿಗೆ ತಕ್ಕಂತೆ ಉಡುಗೆ ಬದಲಾಗಬೇಕೆಂದೂ ಹೇಳಿದೆ. ನಾಡಿನ ಆಚೆಯಿಂದ ಬರುತ್ತಿದ್ದ ಬಟ್ಟೆಗಳ ಊರುಗಳನ್ನೂ ಅದು ಹೆಸರಿಸುತ್ತದೆ. ಹನ್ನೆರಡನೆಯ ಶತಮಾನದ ಕನ್ನಡ ನಾಡಿನ ಅರಸನ ಮೈಮೇಲೆ ಹೊರಗಿನ ನೇಯ್ಗೆ ಇತ್ತು ಎಂದು ಧೈರ್ಯವಾಗಿ ತೋರಿಸಲು ಇಷ್ಟು ಸಾಕು.

ಮೊದಲ ಬಾರಿ ಶಾಂತಲೆಯ ಪಾತ್ರಕ್ಕೆ ಅಲಂಕಾರ ಮಾಡಿದಾಗ ನಾನೂ ತಪ್ಪಿದ್ದೆ. ಹುಡುಗಿಗೆ ದೊಡ್ಡ ಮುತ್ತಿನ ನತ್ತು ಇಟ್ಟಿದ್ದೆ. ರಾಣಿಯೆಂದರೆ ನತ್ತು ಇರಲೇಬೇಕು ಎಂಬುದು ನನ್ನ ತಲೆಯಲ್ಲಿ ಹಾಗೆ ಕೂತಿತ್ತು. ಮುಂದಿನ ವರ್ಷ ಮಕ್ಕಳನ್ನು ಬೇಲೂರಿಗೆ ಕರೆದೊಯ್ದಾಗ ದರ್ಪಣಸುಂದರಿಯ ಮುಂದೆ ನಿಂತು ಅವಳ ಒಡವೆಗಳನ್ನು ಒಂದೊಂದಾಗಿ ಪಟ್ಟಿ ಮಾಡಿಸಿದೆ. ಕಿವಿಯಲ್ಲಿ ದೊಡ್ಡ ಓಲೆ, ಕೊರಳಲ್ಲಿ ಒಂದರ ಕೆಳಗೊಂದು ಹಾರ, ತೋಳಬಂದಿ, ಕಡಗ, ಸೊಂಟದಿಂದ ತೊಡೆಯ ಮೇಲೆ ಕುಚ್ಚುಕುಚ್ಚಾಗಿ ಇಳಿಬಿದ್ದ ಡಾಬು, ಕಾಲಂದುಗೆ. ಹತ್ತು ವರ್ಷದ ಒಬ್ಬ ಹುಡುಗ ಕೇಳಿದ: “ಮೂಗಿನಲ್ಲಿ ಏನೂ ಇಲ್ಲವಲ್ಲ?” ಇರಲಿಲ್ಲ. ಸುತ್ತಿ ಸುತ್ತಿ ನೋಡಿದೆವು, ಯಾವ ಮದನಿಕೆಯ ಮೂಗಿನಲ್ಲೂ ಇರಲಿಲ್ಲ. ಮೂಗಿನ ಒಡವೆ ನಮ್ಮಲ್ಲಿ ಬಳಕೆಗೆ ಬಂದದ್ದು ತಡವಾಗಿ ಎಂದು ಆಮೇಲೆ ಓದಿ ತಿಳಿದೆ. ಅಂದಿನಿಂದ ನನ್ನ ಹೊಯ್ಸಳ ಪೆಟ್ಟಿಗೆಯಲ್ಲಿ ಮೂಗುತಿಗೆ ಜಾಗವಿಲ್ಲ.

ವೇದಿಕೆಯ ಮೇಲೆ ಹೊಯ್ಸಳ ಉಡುಗೆಯ ದೊಡ್ಡ ತೊಡಕು ಮೈ ಮೇಲ್ಭಾಗದ್ದು. ಹೆಣ್ಣುಮಕ್ಕಳಿಗೆ ಮೈಬಣ್ಣದ ರವಿಕೆ ತೊಡಿಸುವ ರೂಢಿ ಇದೆ. ನನಗೆ ಅದು ಒಪ್ಪಿಗೆಯಿಲ್ಲ. ದೀಪದ ಕೆಳಗೆ ಆ ಬಣ್ಣ ಯಾರ ಚರ್ಮಕ್ಕೂ ಹೊಂದುವುದಿಲ್ಲ, ಮಗುವಿಗೂ ಮುಜುಗರ. ಅದರ ಬದಲು ಕಡು ಬಣ್ಣದ, ಹಿಂದೆ ಗಂಟು ಹಾಕುವ ಗಿಡ್ಡ ಕುಪ್ಪಸ ಹೊಲಿಸಿ, ಅದೇ ಬಣ್ಣದ ತೆಳು ಉತ್ತರೀಯವನ್ನು ಮೇಲೆ ಹಾಯಿಸಿ. ಕುಪ್ಪಸ, ಕಂಚುಕ ಎರಡೂ ಹಳೆಯ ಮಾತುಗಳೇ, ಹೊಲಿದ ಮೇಲುಡುಗೆ ಇರಲೇ ಇಲ್ಲ ಎಂದೇನೂ ಅಲ್ಲ. ಗಂಡಸರಿಗೆ ಬರಿ ಮೈಯೇ ಸರಿ, ಆದರೆ ಆ ಬರಿ ಮೈಯನ್ನು ಒಡವೆ ತುಂಬಬೇಕು. ಖರ್ಚು ಏರುವುದು ಇಲ್ಲಿಯೇ. ಒಂದು ಅರಸು ಪಾತ್ರಕ್ಕೆ ಹಾರ, ತೋಳಬಂದಿ, ಕಡಗ, ಉಡಿದಾರ ಎಲ್ಲವೂ ಬೇಕು, ತೆಳುವಾದ ಪ್ಲಾಸ್ಟಿಕ್ಕಿನದಾದರೆ ಮೊದಲ ಸಾಲಿನಿಂದಲೇ ಕಾಣುತ್ತದೆ. ಮೇಲಾಗಿ ಕೂದಲು. ಇಂದಿನ ಹುಡುಗರ ತಲೆಗೆ ಹೊಯ್ಸಳ ತುರುಬು ಬೇಕೆಂದರೆ ವಿಗ್ ತರಲೇಬೇಕು. ಒಳ್ಳೆಯ ವಿಗ್ ತರಲು ಹಣವಿಲ್ಲದಿದ್ದರೆ ಹೊಯ್ಸಳ ಗಂಡುಪಾತ್ರಗಳ ಗೋಜಿಗೇ ಹೋಗಬೇಡಿ. ನರ್ತಕಿಯರ ಸ್ತಬ್ಧಚಿತ್ರಕ್ಕೆ, ನೃತ್ಯರೂಪಕಕ್ಕೆ ಮಾತ್ರ ಇದನ್ನು ಮೀರಿದ್ದು ಇನ್ನೊಂದಿಲ್ಲ.

ವಿಜಯನಗರ: ಹೊಲಿಗೆ ಗೊತ್ತಿದ್ದವರಿಗೆ ವರ

ನನ್ನ ಮಟ್ಟಿಗೆ ಮೂರರಲ್ಲಿ ಅತ್ಯಂತ ಸೊಗಸಾದ ಆಯ್ಕೆ ಇದು. ನಮ್ಮ ರಂಗದ ಮೇಲೆ ಅತಿ ಹೆಚ್ಚು ತಪ್ಪಾಗಿ ಕಾಣಿಸಿಕೊಳ್ಳುವುದೂ ಇದೇ.

ಇಲ್ಲಿ ಕಲ್ಲು ಮಾತ್ರವಲ್ಲ, ಬಣ್ಣವೂ ಇದೆ, ಕಣ್ಣಾರೆ ಕಂಡವರ ಮಾತೂ ಇದೆ. 1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುಲ್ ರಜಾಕ್ ಇಮ್ಮಡಿ ದೇವರಾಯನನ್ನು ಕಂಡಾಗ ಅರಸ ಸ್ಯಾಟಿನ್ನಿನ ನಿಲುವಂಗಿ ತೊಟ್ಟಿದ್ದ, ಕೊರಳಲ್ಲಿ ಮುತ್ತಿನ ಪಟ್ಟಿ ಇತ್ತು. ಸುಮಾರು 1520ರಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡ ಕೃಷ್ಣದೇವರಾಯ ಚಿನ್ನದ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿ ಬಟ್ಟೆಯಲ್ಲಿದ್ದ. ಕೊರಳಲ್ಲಿ ವಜ್ರದ ಪದಕ, ತಲೆಯ ಮೇಲೆ ಶಿರಸ್ತ್ರಾಣದ ಆಕಾರದ ಸರಿಗೆಯ ಟೋಪಿ, ಅದಕ್ಕೆ ಸುತ್ತಿದ ರೇಷ್ಮೆಯ ತುಣುಕು. ಕಾಲಿಗೆ ಏನೂ ಇರಲಿಲ್ಲ, ಅರಸನಿರುವಲ್ಲಿಗೆ ಯಾರೂ ಪಾದರಕ್ಷೆ ತೊಟ್ಟು ಹೋಗುವಂತಿರಲಿಲ್ಲ ಎಂದೂ ಪಾಯಸ್ ಬರೆಯುತ್ತಾನೆ. ಬಾಡಿಗೆ ಅಂಗಡಿಯ ಪೆಟ್ಟಿಗೆಯಲ್ಲಿ ಇದಕ್ಕೆ ಹೊಂದುವುದು ಏನಿದೆ? ಕೆಂಪು ಮಖಮಲ್ಲು ಬಿಳಿಯಾಗಬೇಕು, ಕಿರೀಟ ಟೋಪಿಯಾಗಬೇಕು, ಜೋಡು ಹೊರಗಿರಬೇಕು.

ಆ ಟೋಪಿಯೇ ಕುಲಾಯಿ. ಉದ್ದವಾದ, ಮೇಲಕ್ಕೆ ಹೋಗುತ್ತಾ ಸಪೂರವಾಗುವ, ತುದಿ ದುಂಡಗಿರುವ ಟೋಪಿ. ತೋಳಿರುವ ಉದ್ದ ಅಂಗಿ ಕಬಾಯಿ. ಒಂದು ಮಾತು ಪರ್ಷಿಯನ್ನಿನಿಂದ ಬಂದದ್ದು, ಇನ್ನೊಂದು ಅರಬ್ಬಿಯಿಂದ. ಸುಲ್ತಾನರ ಆಸ್ಥಾನಗಳಲ್ಲಿ, ಕಡಲಾಚೆಯ ನಾಡುಗಳಲ್ಲಿ ದೊರೆತನದ ಗುರುತಾಗಿದ್ದ ಉಡುಗೆಯನ್ನು ವಿಜಯನಗರದ ಅರಸರು ತಮ್ಮ ದರ್ಬಾರಿಗೆ ಒಗ್ಗಿಸಿಕೊಂಡರು. ಆಸ್ಥಾನದ ಬಾಗಿಲು ದಾಟಬೇಕಾದರೆ ಕುಲಾಯಿ ಇಡಲೇಬೇಕಾಯಿತು ಎಂದು ಗೊಣಗುವ ಒಂದು ತೆಲುಗು ಚಾಟುಪದ್ಯ ಕವಿ ಶ್ರೀನಾಥನ ಹೆಸರಿನಲ್ಲಿದೆ. ಆ ಮಾತು ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬ ಗಾದೆಯ ಕುಲಾವಿ ಇದೇ. ಅರಸರ ತಲೆಯಿಂದ ಇಳಿದು ಕೂಸಿನ ತಲೆಯಲ್ಲಿ ಉಳಿದಿದೆ. ತಾಲೀಮಿನಲ್ಲಿ ಇದನ್ನು ಹೇಳಿದ ದಿನದಿಂದ ಯಾವ ಹುಡುಗನೂ ಆ ಉದ್ದ ಟೋಪಿ ಇಡಲು ನಾಚುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯ, ತಿರುಮಲದೇವಿ, ಚಿನ್ನಾದೇವಿಯರ ಲೋಹದ ಪ್ರತಿಮೆಗಳಿವೆ. ಕೈಮುಗಿದು ನಿಂತ ಅರಸನ ತಲೆಯ ಮೇಲೆ ಉದ್ದ ಕುಲಾಯಿ ಇದೆ, ಮೈಮೇಲೆ ಕಬಾಯಿ ಇಲ್ಲ. ದೇವರ ಮುಂದೆ ಬರಿ ಮೈ, ಪಂಚೆ. ದರ್ಬಾರಿನಲ್ಲಿ, ವಿದೇಶೀಯರ ಎದುರಿನಲ್ಲಿ ಹೊಲಿದ ನಿಲುವಂಗಿ. ಹಾಗಾಗಿ ಉಡುಗೆ ಹೊಲಿಸುವ ಮೊದಲು ದೃಶ್ಯ ನಡೆಯುವುದು ಗುಡಿಯಲ್ಲೋ ಸಭೆಯಲ್ಲೋ ಎಂದು ಕೇಳಿಕೊಳ್ಳಿ. ಎರಡೂ ದೃಶ್ಯಗಳಿದ್ದರೆ ಒಳಗೆ ಕಚ್ಚೆಪಂಚೆ ಉಡಿಸಿ, ಮೇಲೆ ಕಬಾಯಿ ತೊಡಿಸಿ. ಗುಡಿಯ ದೃಶ್ಯಕ್ಕೆ ಕಬಾಯಿ ಕಳಚಿದರಾಯಿತು, ಅರೆ ನಿಮಿಷದ ಕೆಲಸ. ರಾಯ ಪ್ರೇಕ್ಷಕರ ಎದುರಿನಲ್ಲೇ ಕಬಾಯಿ ಕಳಚಿ ಸೇವಕನ ಕೈಗಿತ್ತು ದೇವರಿಗೆ ಕೈಮುಗಿಯುವಂತೆ ನಾವು ಒಮ್ಮೆ ಆಡಿಸಿದ್ದೆವು. ಸಭಾಂಗಣ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಬಣ್ಣಗಳಿಗೆ ಲೇಪಾಕ್ಷಿಗೆ ಹೋಗಿ. ಹಿಂದೂಪುರದ ಹತ್ತಿರ, ನಮ್ಮ ಗಡಿ ದಾಟಿದರೆ ಸಿಗುವ ಊರು. ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಸೋದರರು ಮಾಡಿಸಿದ ವೀರಭದ್ರ ದೇವಾಲಯದ ಮುಚ್ಚಿಗೆಯ ವರ್ಣಚಿತ್ರಗಳಲ್ಲಿ ಆ ಇಡೀ ಕಾಲದ ಬಟ್ಟೆ ಅಂಗಡಿಯೇ ತೆರೆದಿದೆ. ಗಂಡಸರ ಬಿಳಿ ಕಬಾಯಿ ಎಷ್ಟು ತೆಳುವೆಂದರೆ ಒಳಗಿನ ಪಂಚೆಯ ಅಂಚು ಹೊರಗೆ ಕಾಣುತ್ತದೆ. ಹೆಂಗಸರ ಸೀರೆಗಳಲ್ಲಿ ಪಟ್ಟೆ, ಚೌಕಳಿ, ಹೂಬಳ್ಳಿ, ಒಂದರಂತೆ ಇನ್ನೊಂದಿಲ್ಲ. ತುರುಬು ಓರೆಯಾಗಿ ಒಂದು ಪಕ್ಕಕ್ಕಿದೆ. ಇದನ್ನು ನೋಡಿದ ಮೇಲೆ ಮಿರಿಮಿರಿ ಮಿನುಗುವ ಕೃತಕ ರೇಷ್ಮೆಯ ಕಡೆ ಕೈ ಹೋಗುವುದಿಲ್ಲ. ಕೈಮಗ್ಗದ ಅಂಗಡಿಯ ಚೌಕಳಿ ಹತ್ತಿ ಸೀರೆ ಅದಕ್ಕಿಂತ ಹತ್ತಿರ, ಬೆಲೆಯೂ ಕಡಿಮೆ, ಮುಗಿದ ಮೇಲೆ ಮನೆಯಲ್ಲೂ ಉಡಬಹುದು.

ಪಾಯಸ್ ಹೇಳುವ ಇನ್ನೊಂದು ಸಂಗತಿಯನ್ನು ನಮ್ಮ ರಂಗ ಪೂರ್ತಿ ಮರೆತಿದೆ. ಮಹಾನವಮಿಯ ಮೆರವಣಿಗೆಯಲ್ಲಿ ಬಂದ ರಾಣಿವಾಸದ ಹೆಂಗಸರ ತಲೆಯ ಮೇಲೂ ಎತ್ತರದ ಟೋಪಿಗಳಿದ್ದವು, ಅವುಗಳ ಮೇಲೆ ದಪ್ಪ ಮುತ್ತುಗಳ ಹೂಗಳಿದ್ದವು. ಆ ಟೋಪಿಗೆ ಅವನು ಕೊಡುವ ಹೆಸರೂ ಕುಲಾಯಿಯದೇ. ಕೆಲವರ ಮೈಮೇಲಿನ ಒಡವೆಯ ಭಾರಕ್ಕೆ ಇತರ ಹೆಂಗಸರು ಅವರ ತೋಳು ಹಿಡಿದು ನಡೆಸಬೇಕಾಯಿತಂತೆ. ಒಮ್ಮೆ ಧೈರ್ಯ ಮಾಡಿ ಮೆರವಣಿಗೆಯ ಹುಡುಗಿಯರಿಗೆ ಮುತ್ತಿನ ಕುಲಾಯಿ ಇಟ್ಟು ನೋಡಿ. ಬೀದಿಯಲ್ಲಿ ನಿಂತವರು ಇದೇನೆಂದು ಕೇಳಿಯೇ ಕೇಳುತ್ತಾರೆ, ಉತ್ತರ ಹೇಳಲು ಮಕ್ಕಳನ್ನು ಸಿದ್ಧಪಡಿಸಿರಿ.

ಹೊಲಿಸುವವರಿಗೆ: ವಯಸ್ಕರ ಒಂದು ಕಬಾಯಿಗೆ ನನಗೆ 3.5 ಮೀಟರ್ ಮಲ್‌ಮಲ್ ಬಟ್ಟೆ ಹಿಡಿಯುತ್ತದೆ. ಮುಂದೆ ತೆರೆದಿರಲಿ, ಗುಂಡಿ ಬೇಡ, ಕಟ್ಟುವ ಲಾಡಿ ಸಾಕು. ಮೊಣಕಾಲು ದಾಟಲಿ. ನಡುವಿಗೆ ಬಣ್ಣದ ನಡುಕಟ್ಟು. ಒಳಗಿನ ಕಚ್ಚೆಗೆ ಅಂಗಡಿಯಲ್ಲಿ ಒಂಬತ್ತೈದು ಎಂದು ಕೇಳಿ, ಒಂಬತ್ತು ಮೊಳದ ಪಂಚೆ ಮತ್ತು ಐದು ಮೊಳದ ಉತ್ತರೀಯ ಜೋಡಿಯಾಗಿ ಸಿಗುತ್ತದೆ. ಕುಲಾಯಿಗೆ ಬರಿ ರಟ್ಟು ಸಾಲದು, ಬೆವರಿಗೆ ಮೆತ್ತಗಾಗಿ ಬಾಗುತ್ತದೆ. ದರ್ಜಿಗಳು ಕಾಲರಿಗೆ ಬಳಸುವ ಬಕ್ರಂ ಎರಡು ಪದರ ಹಾಕಿ, ಮೇಲೆ ಹಳೆಯ ಸರಿಗೆ ಸೆರಗಿನ ತುಂಡು ಹೊದಿಸಿ. ಒಳಗೆ ಹತ್ತಿಯ ಪಟ್ಟಿ ಇರಲಿ, ಇಲ್ಲದಿದ್ದರೆ ಹಣೆ ಕೆರೆಯುತ್ತದೆ. ಕುಲಾಯಿಯ ದೊಡ್ಡ ಉಪಕಾರ ಇನ್ನೊಂದು: ಒಳಗಿರುವ ಕ್ರಾಪು ಯಾವ ನಮೂನೆಯದಾದರೂ ಕಾಣುವುದಿಲ್ಲ. ವಿಗ್‌ನ ಹಣ ಪೂರ್ತಿ ಉಳಿಯುತ್ತದೆ.

ಮೈಸೂರು: ಸುಲಭ ಎನ್ನಿಸುವ ಕಷ್ಟ

ಪೇಟ ಸಿದ್ಧ ಸಿಗುತ್ತದೆ, ಉದ್ದ ಕೋಟು ಸಿಗುತ್ತದೆ, ರೇಷ್ಮೆ ಸೀರೆ ಎಲ್ಲರ ಮನೆಯಲ್ಲಿದೆ. ಆದ್ದರಿಂದ ಸಮಯವಿಲ್ಲದವರೆಲ್ಲ ಮೈಸೂರನ್ನೇ ಆರಿಸುತ್ತಾರೆ. ಆದರೆ ಇದು ಛಾಯಾಚಿತ್ರವಿರುವ ಕಾಲ. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಹೇಗೆ ಉಡುತ್ತಿದ್ದರು ಎಂಬುದು ಕ್ಯಾಲೆಂಡರಿನ ಚಿತ್ರದಿಂದಲೇ ಜನರಿಗೆ ಗೊತ್ತು. ಹೊಯ್ಸಳ ಉಡುಗೆಯಲ್ಲಿ ತಪ್ಪಿದರೆ ನೂರರಲ್ಲಿ ಒಬ್ಬರು ಗುರುತಿಸುತ್ತಾರೆ, ಇಲ್ಲಿ ಕೋಟಿನ ಕಾಲರ್ ತಪ್ಪಿದರೂ ಮೊದಲ ಸಾಲಿನ ಹಿರಿಯರು ಎದ್ದು ಹೇಳುತ್ತಾರೆ.

ಸನ್ಮಾನಕ್ಕೆ ತೊಡಿಸುವ ಸಿದ್ಧ ಪೇಟವನ್ನು ಮಹಾರಾಜರ ಪಾತ್ರಕ್ಕೆ ಬಳಸಬೇಡಿ. ಎಲ್ಲರೂ ಅದನ್ನು ಸಭೆಗಳಲ್ಲಿ ನೋಡಿ ಬಲ್ಲರು, ಕಂಡ ಕೂಡಲೇ ಹಾರ ಮತ್ತು ಶಾಲು ನೆನಪಾಗುತ್ತವೆ. ಪೇಟ ಕಟ್ಟಲು ಬರುವ ಹಿರಿಯರು ಊರಿನಲ್ಲಿದ್ದರೆ ಅವರಿಂದ ಸರಿಗೆ ಅಂಚಿನ ಬಟ್ಟೆಯಲ್ಲಿ ಕಟ್ಟಿಸಿ. ನೋಡಬೇಕಾದ ಚಿತ್ರ ಅರಮನೆಯ ಕಲ್ಯಾಣ ಮಂಟಪದ ಗೋಡೆಯ ಮೇಲಿನ ದಸರಾ ಮೆರವಣಿಗೆ. ಅರಸರಷ್ಟೇ ಅಲ್ಲ, ಚೋಪದಾರರು, ಸೈನಿಕರು, ನೋಡಲು ನಿಂತ ಜನ, ಎಲ್ಲರ ಉಡುಗೆಯೂ ಅದರಲ್ಲಿದೆ. ಚಿಕ್ಕ ಪಾತ್ರಗಳಿಗೆ ಇಷ್ಟು ನೆರವು ಬೇರೆ ಯಾವ ಕಾಲದಲ್ಲೂ ಸಿಗದು.

ಹೆಣ್ಣುಪಾತ್ರಗಳಿಗೆ ಇಸವಿ ನೋಡಿ ಸೀರೆ ಆರಿಸಿ. ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದದ್ದು 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ದೃಶ್ಯದಲ್ಲಿ ಆ ಕ್ರೇಪ್ ಸೀರೆ ಬಂದರೆ ಅದು ಅರ್ಧ ಶತಮಾನ ಮೊದಲೇ ಬಂದಂತೆ. ಇಪ್ಪತ್ತನೆಯ ಶತಮಾನದ ಆರಂಭಕ್ಕಾದರೆ ಮೊಣಕೈವರೆಗಿನ ತೋಳು, ಅದರ ಅಂಚಿಗೆ ಲೇಸು, ಎತ್ತರದ ಕೊರಳಿನ ರವಿಕೆ ಹೊಲಿಸಿ. ರವಿಕೆ ಸರಿಹೋದರೆ ಅರ್ಧ ಕೆಲಸ ಮುಗಿದಂತೆ. ಬೆನ್ನು ಪೂರ್ತಿ ತೆರೆದ ಇಂದಿನ ರವಿಕೆಯ ಮೇಲೆ ಎಷ್ಟು ಹಳೆಯ ಸೀರೆ ಉಡಿಸಿದರೂ ಉಪಯೋಗವಿಲ್ಲ.

ಈ ಮೂರರಲ್ಲಿ ಸೇರದವರು

ಒನಕೆ ಓಬವ್ವ, ಕಿತ್ತೂರು ಚೆನ್ನಮ್ಮ, ಕೆಂಪೇಗೌಡ: ಶಾಲೆಗಳು ಹೆಚ್ಚು ಆಡುವುದು ಇವರನ್ನೇ. ಓಬವ್ವ ಕೋಟೆಯ ಕಾವಲುಗಾರನ ಹೆಂಡತಿ. ಊಟದ ನಡುವೆ ನೀರು ತರಲು ಎದ್ದುಹೋದವಳು. ಅವಳ ಮೈಮೇಲೆ ಡಾಬು, ವಂಕಿ ಏರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಹತ್ತಿ ಸೀರೆ, ಗಾಜಿನ ಬಳೆ, ಅಷ್ಟೇ. ಚೆನ್ನಮ್ಮನಿಗೆ 1824ರ ಉತ್ತರ ಕರ್ನಾಟಕದ ರಾಣಿಗೆ ತಕ್ಕಂತೆ ಕಚ್ಚೆ ಹಾಕಿ ಉಡಿಸಿ. ಕುದುರೆ ಏರಿ ಕತ್ತಿ ಹಿಡಿಯುವವಳಿಗೆ ನೆರಿಗೆ ಇಳಿಬಿಟ್ಟ ಸೀರೆ ಒಗ್ಗುವುದಿಲ್ಲ. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ವಿಜಯನಗರದ ಸಾಮಂತರು, ಅವರ ಉಡುಗೆಗೆ ವಿಜಯನಗರದ ಪೆಟ್ಟಿಗೆಯನ್ನೇ ತೆರೆಯಿರಿ.

ಹಾಗಾದರೆ ಯಾವುದು?

ಕುಣಿಯುವವರು ಹೆಚ್ಚಿದ್ದು, ಒಡವೆಗೆ ಹಣವಿದ್ದರೆ ಹೊಯ್ಸಳ. ಹಿರಿಯ ನಟರಿದ್ದು, ಮಾತಿನ ನಾಟಕವಾಗಿದ್ದು, ಒಳ್ಳೆಯ ದರ್ಜಿ ಪರಿಚಯವಿದ್ದರೆ ಮೈಸೂರು. ಉಳಿದ ಬಹುತೇಕ ಎಲ್ಲರಿಗೂ, ಅದರಲ್ಲೂ ಮೂವತ್ತು ನಲವತ್ತು ಮಕ್ಕಳನ್ನು ಒಂದೇ ವೇದಿಕೆಗೆ ಹತ್ತಿಸಬೇಕಾದ ಶಾಲೆಗಳಿಗೆ, ನಾನು ಹೇಳುವುದು ವಿಜಯನಗರ. ಬಿಳಿ ಬಟ್ಟೆ ಅಗ್ಗ, ಒಂದೇ ಅಳತೆಯ ಕಬಾಯಿ ಮೂರು ಎತ್ತರದ ಮಕ್ಕಳಿಗೆ ಸಾಕು, ನಡುಕಟ್ಟಿನ ಬಣ್ಣ ಬದಲಿಸಿದರೆ ದಂಡನಾಯಕ ಮಂತ್ರಿಯಾಗುತ್ತಾನೆ. ದೀಪದ ಬಿಸಿಗೆ ಮಖಮಲ್ಲಿನೊಳಗೆ ಮಕ್ಕಳು ಬೆವೆತು ತಲೆಸುತ್ತಿ ಕೂತದ್ದನ್ನು ಎರಡು ಸಲ ಕಂಡಿದ್ದೇನೆ, ಮಲ್‌ಮಲ್ಲಿನಲ್ಲಿ ಒಮ್ಮೆಯೂ ಇಲ್ಲ.

ನವೆಂಬರಿಗೆ ಬೇಕಾದರೆ ಸೆಪ್ಟೆಂಬರಿನಲ್ಲೇ ಬಟ್ಟೆ ತನ್ನಿ. ಮಲ್‌ಮಲ್ಲನ್ನು ಕತ್ತರಿಸುವ ಮೊದಲು ಒಂದು ಸಲ ನೀರಿನಲ್ಲಿ ಅದ್ದಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕಬಾಯಿ ಮೊಣಕಾಲಿನ ಮೇಲೇರುತ್ತದೆ. ತಾಲೀಮಿನ ಕೊನೆಯ ವಾರ ಪೂರ್ತಿ ಉಡುಗೆಯಲ್ಲೇ ಆಡಿಸಿ, ಕಚ್ಚೆ ಬಿಗಿದ ಕಾಲಿನ ನಡಿಗೆಯೇ ಬೇರೆ, ಪ್ಯಾಂಟಿನ ನಡಿಗೆ ಬಿಡಲು ಹುಡುಗರಿಗೆ ಅಷ್ಟು ದಿನ ಬೇಕೇ ಬೇಕು. ಎಲ್ಲ ಮುಗಿದ ಮೇಲೆ ಕುಲಾಯಿಗಳೊಳಗೆ ಹಳೆಯ ಪತ್ರಿಕೆ ತುರುಕಿ ನೆಟ್ಟಗೆ ನಿಲ್ಲಿಸಿ ಇಡಿ. ಮಲಗಿಸಿಟ್ಟರೆ ಮುಂದಿನ ವರ್ಷಕ್ಕೆ ಬಕ್ರಂ ಮಡಿಸಿಕೊಂಡಿರುತ್ತದೆ.